ಮೇರು ಪರ್ವತ ಎಲ್ಲಿ ಹೋಯ್ತು?

ವೀಕೆಂಡಿಗೆ ಕೊಡಗಿಗೆ ಹೊರಟ ಬೆಂಗಳೂರಿನ ಕಾರುಗಳು ಬೈಲಕುಪ್ಪೆಯಲ್ಲೊಮ್ಮೆ ನಿಲ್ಲುತ್ತವೆ. ಗೋಲ್ಡನ್ ಟೆಂಪಲ್ ಎದುರು ಸೆಲ್ಫಿ, ಒಂದು ಪ್ಲೇಟ್ ಮೊಮೊ, ಮತ್ತೆ ಪ್ರಯಾಣ. ಇದೂ ಕೊಡಗೇ ಅಂದುಕೊಂಡವರು ಬಹಳ ಜನ. ಅಲ್ಲ ಸ್ವಾಮಿ, ಇದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು. ಇಲ್ಲಿನ ಮಠಗಳ ಮುಂದೆ ಒಂದು ಹಳೆಯ ಪ್ರಶ್ನೆ ಇದೆ: ಜಗತ್ತು ಹುಟ್ಟಿದ ಬಗೆಯನ್ನು ಧರ್ಮಗ್ರಂಥ ಹೇಳಿದರೆ ಅದನ್ನು ಅಕ್ಷರಶಃ ನಂಬಬೇಕಾ, ಒಳಗಿನ ಅರ್ಥ ಹುಡುಕಬೇಕಾ?

1959ರ ನಂತರ ಟಿಬೆಟ್ ಬಿಟ್ಟು ಬಂದವರಿಗೆ ಮೈಸೂರು ರಾಜ್ಯ ಇಲ್ಲಿ ಜಾಗ ಕೊಟ್ಟಿತು. ಕಾಡು ಕಡಿದು ಮುಸುಕಿನ ಜೋಳ ಬೆಳೆದರು. 1970ರ ಹೊತ್ತಿಗೆ ಬಂಗಾಳದ ಬಕ್ಸಾ ಶಿಬಿರದಲ್ಲಿದ್ದ ಸೆರಾ ಮಠದ ಭಿಕ್ಷುಗಳೂ ಬಂದರು. ಅವರು ಬಾಯಿಪಾಠ ಮಾಡಿ ತಂದಿದ್ದ ವಿದ್ಯೆಯಲ್ಲಿ ವಸುಬಂಧುವಿನ 'ಅಭಿಧರ್ಮಕೋಶ'ವೂ ಇತ್ತು.

ಅದರಲ್ಲಿ ಸೃಷ್ಟಿಕರ್ತ ದೇವರಿಲ್ಲ. ಜೀವಿಗಳ ಕರ್ಮದ ಬಲದಿಂದ ಮೊದಲು ಗಾಳಿಯ ಮಂಡಲ, ಅದರ ಮೇಲೆ ನೀರು, ಅದರ ಮೇಲೆ ಚಿನ್ನದ ನೆಲ. ನಡುವೆ ನೀರಿನಿಂದ 80,000 ಯೋಜನ ಎದ್ದು ನಿಂತ ಮೇರು, ಸುತ್ತ ನಾಲ್ಕು ದ್ವೀಪಗಳು. ನಾವಿರೋದು ದಕ್ಷಿಣದ ಜಂಬೂದ್ವೀಪದಲ್ಲಿ. ಸೂರ್ಯ ಚಂದ್ರರು ಮೇರುವನ್ನು ಸುತ್ತುತ್ತಾರೆ.

ಈ ಚಿತ್ರಕ್ಕೆ ಮೊದಲು ಕೈ ಹಾಕಿದವರು ಹೊರಗಿನವರಷ್ಟೇ ಅಲ್ಲ. 1938ರಲ್ಲಿ ಗೆಂದುನ್ ಚೋಫೆಲ್ ಎಂಬ ಟಿಬೆಟಿ ವಿದ್ವಾಂಸ, ಕಾಲಿಂಪಾಂಗ್‌ನಿಂದ ಹೊರಡುತ್ತಿದ್ದ ಟಿಬೆಟಿ ಪತ್ರಿಕೆಯಲ್ಲಿ ಭೂಮಿ ದುಂಡಗಿದೆ ಅಂತ ಲೇಖನ ಬರೆದ. ಈಗಿನ ದಲೈ ಲಾಮಾ ಹುಡುಗನಾಗಿದ್ದಾಗ ಲಾಸಾದಲ್ಲಿ ದೂರದರ್ಶಕದ ಮೂಲಕ ಚಂದ್ರನ ಮೇಲೆ ಬೆಟ್ಟಗಳ ನೆರಳು ಕಂಡರು. ಚಂದ್ರನಿಗೆ ಸ್ವಂತ ಬೆಳಕಿದೆ ಎಂಬ ಗ್ರಂಥದ ಮಾತು ಅಲ್ಲಿಗೇ ಬಿತ್ತು. 2005ರ ತಮ್ಮ ಪುಸ್ತಕದಲ್ಲಿ ಅಭಿಧರ್ಮದ ಈ ಲೋಕಚಿತ್ರವನ್ನು ಬಿಟ್ಟುಬಿಡಬೇಕು ಅಂತ ಅವರು ನೇರವಾಗಿಯೇ ಬರೆದರು.

ಹಾಗಂತ ಬೌದ್ಧಧರ್ಮ ಕುಸಿದುಬೀಳಲಿಲ್ಲ. ಯಾಕೆಂದರೆ ಮಾತನ್ನು ಎರಡು ರೀತಿ ಓದುವ ಪದ್ಧತಿ ಅಲ್ಲಿ ಮೊದಲಿನಿಂದಲೂ ಇತ್ತು. ನೀತಾರ್ಥ ಅಂದರೆ ಹೇಳಿದ್ದೇ ಕೊನೆಯ ಅರ್ಥ. ನೇಯಾರ್ಥ ಅಂದರೆ ಬಿಡಿಸಿ ತಿಳಿಯಬೇಕಾದದ್ದು. ತಾಯಿತಂದೆಯರನ್ನು ಕೊಲ್ಲುವ ಮಾತು ಒಂದು ಕಡೆ ಬರುತ್ತದೆ. ಅಲ್ಲಿ ತಾಯಿ ಅಂದರೆ ತೃಷ್ಣೆ, ತಂದೆ ಅಂದರೆ ಅಹಂಕಾರ. ಇನ್ನು ಕಾಲಚಕ್ರ ತಂತ್ರದಲ್ಲಿ ಮೇರುವಿನ ಅಳತೆಯೇ ಬೇರೆ. ಎರಡೂ ಅಕ್ಷರಶಃ ನಿಜ ಆಗೋಕೆ ಸಾಧ್ಯವೇ ಇಲ್ಲವಲ್ಲ!

ಯೆಹೂದಿಗಳಿಗೂ ಇದೇ ತಲೆನೋವು. ಅವರ ತೋರಾದಲ್ಲಿ ಆರು ದಿನಗಳ ಸೃಷ್ಟಿ, ಸೂರ್ಯ ಬರೋದು ನಾಲ್ಕನೇ ದಿನ. ಸೂರ್ಯನೇ ಇಲ್ಲದ ಮೊದಲ ಮೂರು ದಿನ ಎಂಥ ದಿನ? ಅವರಲ್ಲಿ ನೇರ ಅರ್ಥಕ್ಕೆ 'ಪ್ಶಾತ್', ಗೂಢಾರ್ಥಕ್ಕೆ 'ಸೋದ್' ಎಂಬ ಹೆಸರುಗಳಿವೆ. 12ನೇ ಶತಮಾನದ ಮೈಮೊನಿಡೀಸ್ ಈಜಿಪ್ಟಿನಲ್ಲಿ ಕೂತು ಒಂದು ಖಡಕ್ ಮಾತು ಬರೆದ: ಜಗತ್ತಿಗೆ ಆರಂಭವೇ ಇಲ್ಲ ಎಂಬ ಅರಿಸ್ಟಾಟಲ್‌ನ ವಾದ ಸಾಬೀತಾಗಿದ್ದರೆ, ತೋರಾದ ವಾಕ್ಯಗಳಿಗೆ ಬೇರೆ ಅರ್ಥ ಹೇಳಲು ತನಗೇನೂ ಕಷ್ಟವಿರಲಿಲ್ಲ. ಆದರೆ ಅದು ಸಾಬೀತಾಗಿಲ್ಲ, ಹಾಗಾಗಿ ಸೃಷ್ಟಿಯನ್ನು ಬಿಡುವುದಿಲ್ಲ.

ದಲೈ ಲಾಮಾ ಹೇಳುವುದೂ ಹತ್ತಿರ ಹತ್ತಿರ ಇದೇ. ವಿಜ್ಞಾನ 'ಇಲ್ಲ' ಅಂತ ತೋರಿಸಿದ್ದು ಬೇರೆ, ವಿಜ್ಞಾನಕ್ಕೆ ಇನ್ನೂ ಸಿಗದೇ ಇರುವುದು ಬೇರೆ. ಮೇರು ಮೊದಲನೆಯದು, ಹಾಗಾಗಿ ಹೋಯ್ತು. ಪುನರ್ಜನ್ಮ ಎರಡನೆಯದು ಎನ್ನುವುದು ಅವರ ನಿಲುವು. ಒಪ್ಪೋದು ಬಿಡೋದು ನಮ್ಮಿಷ್ಟ. ನನಗೆ ಹಿಡಿಸಿದ್ದು ಅದರ ಶಿಸ್ತು. 'ಒಳಾರ್ಥ' ಅನ್ನೋದು ಸೋತಾಗ ನುಸುಳಿಕೊಳ್ಳುವ ಕಿಂಡಿಯಲ್ಲ. ಎಲ್ಲಿ ಸೋತೆವು ಅಂತ ಮೊದಲು ಒಪ್ಪಿಕೊಳ್ಳಬೇಕು.

ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪುಗಳಲ್ಲಿ ಕಾಣೆಯಾಗಿರೋದು ಇದೇ. ಬಿಗ್ ಬ್ಯಾಂಗ್ ನಮ್ಮ ಪುರಾಣದಲ್ಲೇ ಇತ್ತು ಅನ್ನುವವರು, ಪುರಾಣವೆಲ್ಲ ಬರೀ ಸುಳ್ಳು ಅನ್ನುವವರು, ಇಬ್ಬರೂ ಒಂದೇ ತಪ್ಪು ಮಾಡುತ್ತಿದ್ದಾರೆ. ಇಬ್ಬರೂ ಪುರಾಣವನ್ನು ಫಿಸಿಕ್ಸ್ ಪುಸ್ತಕದ ಹಾಗೆ ಓದುತ್ತಿದ್ದಾರೆ, ಒಬ್ಬರು ಪಾಸ್ ಮಾಡುತ್ತಾರೆ, ಇನ್ನೊಬ್ಬರು ಫೇಲ್.

ಸೆರಾ ಮಠದಲ್ಲಿ ಇವತ್ತು ಭಿಕ್ಷುಗಳು ಭೌತವಿಜ್ಞಾನ, ಜೀವವಿಜ್ಞಾನ ಕಲಿಯುತ್ತಾರೆ. ಮಂಡಲ ಅರ್ಪಣೆಯೂ ನಿಂತಿಲ್ಲ: ತಟ್ಟೆಯ ಮೇಲೆ ಅಕ್ಕಿ ಗುಪ್ಪೆ ಹಾಕುತ್ತಾರೆ, ನಡುವೆ ಮೇರು, ಸುತ್ತ ನಾಲ್ಕು ದ್ವೀಪ. ಇಡೀ ಜಗತ್ತನ್ನೇ ಕೊಟ್ಟುಬಿಡುವುದನ್ನು ಮನಸ್ಸಿಗೆ ಕಲಿಸುವ ಅಭ್ಯಾಸ ಅದು. ಅದಕ್ಕೆ ಮೇರು ನಕ್ಷೆಯಲ್ಲಿ ಇರಲೇಬೇಕು ಅಂತೇನಿಲ್ಲ.