ಕನ್ಸೋಲ್ ಮುಂದೆ ಕೂರುವ ಮುನ್ನ

ಬೈಂದೂರು, ಕುಂದಾಪುರ, ಬ್ರಹ್ಮಾವರದ ಕಡೆಯವರು ದೊಡ್ಡ ಆಪರೇಷನ್ ಅಂದರೆ ಹೆದ್ದಾರಿ ಹಿಡಿದು ಮಣಿಪಾಲಕ್ಕೋ ಮಂಗಳೂರಿಗೋ ಹೋಗುತ್ತಾರೆ. ಆಪರೇಷನ್ ಕಲಿಯುವವರ ದಾರಿಯೂ ಅದೇ. 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು ಕಟ್ಟಿದ ಮೇಲೆ, ಗುರುವಿನ ಎದುರು ನಿಂತು ನೋಡಿ, ಆಮೇಲೆ ಕೈಹಚ್ಚಿ ಕಲಿಯುವ ಅವಕಾಶ ಕರಾವಳಿಯಲ್ಲೇ ಸಿಕ್ಕಿತು.

ಆ ಪದ್ಧತಿಯನ್ನು ಮೊದಲು ಅಲುಗಿಸಿದ್ದು ಸಣ್ಣ ರಂಧ್ರಗಳಿಂದ ಕ್ಯಾಮೆರಾ ತೂರಿಸಿ ಮಾಡುವ ಲ್ಯಾಪ್ರೊಸ್ಕೋಪಿ. 1990ರಲ್ಲಿ ಮುಂಬೈಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಆ ವಿಧಾನದಲ್ಲಿ ಪಿತ್ತಕೋಶ ತೆಗೆದ ಮೇಲೆ, ಕೈ ಪಳಗಿದ ಸರ್ಜನ್ನರೂ ಮತ್ತೆ ವಿದ್ಯಾರ್ಥಿಗಳಾಗಬೇಕಾಯಿತು. 2000ದಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಡಾ ವಿಂಚಿ ರೋಬೋಟ್ ಇನ್ನೊಂದು ಸುತ್ತು ತಂದಿತು. ದೆಹಲಿಯ ಏಮ್ಸ್‌ನಲ್ಲಿ 2006ರಲ್ಲಿ ರೋಬೋಟಿಕ್ ಪ್ರಾಸ್ಟೇಟ್ ಆಪರೇಷನ್ ಆರಂಭವಾಯಿತು. ಮುಂದಿನ ದಶಕದಲ್ಲಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೂ ಯಂತ್ರ ಬಂತು.

ರೋಬೋಟಿಕ್ ಆಪರೇಷನ್‌ನಲ್ಲಿ ಸರ್ಜನ್ ರೋಗಿಯ ಪಕ್ಕ ನಿಲ್ಲುವುದಿಲ್ಲ. ಯಂತ್ರವನ್ನು ನಡೆಸುವ ಕನ್ಸೋಲಿನಲ್ಲಿ ಕೂತು, ಬೆರಳುಗಳನ್ನು ಹಿಡಿಕೆಗೆ ಸಿಕ್ಕಿಸಿ, ಕಾಲಿನಿಂದ ಪೆಡಲ್ ಒತ್ತುತ್ತಾರೆ. ನೋಡುಗಂಡಿಯಿಂದ ತಲೆ ತೆಗೆದರೆ ಯಂತ್ರದ ತೋಳುಗಳು ಅಲ್ಲೇ ನಿಲ್ಲುತ್ತವೆ. ಬಹುಕಾಲ ಈ ಯಂತ್ರದಲ್ಲಿ ಸ್ಪರ್ಶದ ಅರಿವೇ ಇರಲಿಲ್ಲ. ದಾರ ಎಷ್ಟು ಬಿಗಿಯಾಗಿದೆ ಎಂಬುದನ್ನು ಕಣ್ಣಿನಿಂದಲೇ ಅಳೆಯಬೇಕಿತ್ತು, ತಪ್ಪಿದರೆ ಅದು ಪಟ್ಟನೆ ತುಂಡಾಗುತ್ತಿತ್ತು. ಹೀಗೆ ಕಣ್ಣಿನ ಮೇಲೆ ಇಷ್ಟು ಭಾರ ಬಿದ್ದಿರುವುದರಿಂದಲೇ ಕಲಿಕೆಯ ಒಂದು ದೊಡ್ಡ ಪಾಲು ಪರದೆಯ ಮೇಲೆ ಸಾಧ್ಯವಾಗಿದೆ.

ಫ್ರಾನ್ಸಿನ ಸ್ಟ್ರಾಸ್‌ಬರ್ಗಿನ ಇರ್ಕಾಡ್ ಸಂಸ್ಥೆ ಆಪರೇಷನ್ ವಿಡಿಯೊಗಳ ಆನ್‌ಲೈನ್ ಪಾಠಶಾಲೆಯನ್ನು ಬೇಗನೆ ಕಟ್ಟಿತು. ಅದರ ಸ್ಥಾಪಕ ಡಾ. ಜಾಕ್ ಮಾರೆಸ್ಕೊ 2001ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಕೂತು ರೋಬೋಟ್ ಮೂಲಕ ಸ್ಟ್ರಾಸ್‌ಬರ್ಗಿನ ರೋಗಿಯ ಪಿತ್ತಕೋಶ ತೆಗೆದರು. ಮರುವರ್ಷ ಪ್ರಕಟವಾದ, ಯೇಲ್ ವಿಶ್ವವಿದ್ಯಾಲಯದ 16 ಸ್ನಾತಕೋತ್ತರ ವೈದ್ಯರ ಮೇಲೆ ನಡೆದ ಪ್ರಯೋಗ ಅಷ್ಟು ಸುದ್ದಿಯಾಗಲಿಲ್ಲ, ಆದರೆ ಕಲಿಕೆಯ ದೃಷ್ಟಿಯಿಂದ ಅದೇ ಹೆಚ್ಚು ಬೆಲೆಯುಳ್ಳದ್ದು: ಆಪರೇಷನ್ನನ್ನು ಪರದೆಯ ಮೇಲೆ ಅನುಕರಿಸುವ ಸಿಮ್ಯುಲೇಟರಿನಲ್ಲಿ ಪಳಗಿದವರು ಪಿತ್ತಕೋಶ ಬಿಡಿಸುವ ಕೆಲಸವನ್ನು ಉಳಿದವರಿಗಿಂತ ಶೇ. 29ರಷ್ಟು ಬೇಗ ಮುಗಿಸಿದರು, ಅವರ ತಪ್ಪುಗಳೂ ಬಹಳ ಕಡಿಮೆ.

ಈಗಿನ ಕ್ರಮ ಹೀಗಿದೆ: ಯಂತ್ರದ ಪಾಠ ಮತ್ತು ಪರೀಕ್ಷೆ ಆನ್‌ಲೈನಿನಲ್ಲಿ, ಬಳಿಕ ಸಿಮ್ಯುಲೇಟರ್, ಪ್ರಯೋಗಾಲಯ, ಕೊನೆಗೆ ಅನುಭವಿಯ ಕಣ್ಗಾವಲಿನಲ್ಲಿ ಮೊದಲ ಆಪರೇಷನ್‌ಗಳು. ಕುಂದಾಪುರದ ಸರ್ಜನ್ನರು ಮೊದಲ ಮೆಟ್ಟಿಲನ್ನು ರಾತ್ರಿ ಮನೆಯಲ್ಲೇ ಹತ್ತಬಹುದು. ಉಳಿದ ಮೆಟ್ಟಿಲುಗಳಿಗೆ ಯಂತ್ರವಿರುವ ಊರಿಗೇ ಹೋಗಬೇಕು. ಆನ್‌ಲೈನ್ ಸರ್ಟಿಫಿಕೇಟನ್ನು ಕೈಯ ಕೌಶಲವೆಂದು ಎಣಿಸುವುದು ಅಪಾಯ.

ನನ್ನ ಪಾಲಿಗೆ ಆನ್‌ಲೈನಿನ ನಿಜವಾದ ಶಕ್ತಿ ಉಪನ್ಯಾಸದಲ್ಲಿಲ್ಲ, ವಿಡಿಯೊ ವಿಮರ್ಶೆಯಲ್ಲಿದೆ. 2013ರಲ್ಲಿ ಪ್ರಕಟವಾದ ಮಿಷಿಗನ್ ಅಧ್ಯಯನದಲ್ಲಿ ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡುವ 20 ಸರ್ಜನ್ನರು ತಲಾ ಒಂದು ವಿಡಿಯೊ ಕಳಿಸಿದರು. ಯಾರದೆಂದು ತಿಳಿಯದ ಸಹೋದ್ಯೋಗಿಗಳು ಅಂಕ ಕೊಟ್ಟರು. ಕೆಳಗಿನ ಕಾಲು ಭಾಗದವರ ರೋಗಿಗಳಲ್ಲಿ ತೊಡಕುಗಳು ಶೇ. 14.5, ಮೇಲಿನವರಲ್ಲಿ ಶೇ. 5.2. ರೋಬೋಟಿಕ್ ಆಪರೇಷನ್ ಮೊದಲಿನಿಂದ ಕೊನೆಯವರೆಗೆ ಕ್ಯಾಮೆರಾದಲ್ಲೇ ನಡೆಯುವುದರಿಂದ ಇಂಥ ವಿಮರ್ಶೆಗೆ ಬೇಕಾದ ಚಿತ್ರೀಕರಣಕ್ಕೆ ಬೇರೆ ಸಿದ್ಧತೆ ಬೇಡ. ಕರಾವಳಿಯಿಂದ ತರಬೇತಿಗೆ ಹೋಗಿ ಬಂದವರ ಮೊದಲ ಕೆಲವು ಆಪರೇಷನ್‌ಗಳನ್ನಾದರೂ ದೂರದ ಹಿರಿಯರು ಹೀಗೆ ನೋಡುವ ಏರ್ಪಾಡು ಆಗಬೇಕು. ಹಾಗೆ ಕಳಿಸುವ ಮೊದಲು ವಿಡಿಯೊದಿಂದ ರೋಗಿಯ ಹೆಸರು, ನಂಬರ್ ತೆಗೆಯಬೇಕು; ಒಪ್ಪಿಗೆ ಪತ್ರವನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳಿ ಸಹಿ ಪಡೆಯಬೇಕು.