ಮೆಥಡಿಸ್ಟ್ ವಿಶ್ವವಿದ್ಯಾಲಯದ ಗಾಲ್ಫ್ ತಂಡಗಳು

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಫಯೆಟ್‌ವಿಲ್‌ನಲ್ಲಿರುವ ಸಣ್ಣ ಖಾಸಗಿ ವಿದ್ಯಾಸಂಸ್ಥೆಯೊಂದರ ಪುರುಷ ಮತ್ತು ಮಹಿಳಾ ಗಾಲ್ಫ್ ತಂಡಗಳು. ಸಂಸ್ಥೆ 1956ರಲ್ಲಿ ಮೆಥಡಿಸ್ಟ್ ಕಾಲೇಜಾಗಿ ಸ್ಥಾಪನೆಯಾಯಿತು, 2006ರಲ್ಲಿ ವಿಶ್ವವಿದ್ಯಾಲಯವಾಯಿತು. 'ಮೊನಾರ್ಕ್ಸ್' ಹೆಸರಿನ ಈ ತಂಡಗಳು ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ಮೂರನೇ ವಿಭಾಗದಲ್ಲಿ ಆಡುತ್ತವೆ. ಈ ವಿಭಾಗದಲ್ಲಿ ಕ್ರೀಡಾ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಆಟಗಾರರು ಬರುವುದು ಓದಿನ ಜೊತೆಗೆ ಆಡಲು.

ಪುರುಷರ ತಂಡ 1990ರ ದಶಕದಲ್ಲಿ ಈ ವಿಭಾಗದ ಬಹುಪಾಲು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದಿತು. ಮಹಿಳೆಯರ ಮೂರನೇ ವಿಭಾಗಕ್ಕೆ 2000ದಲ್ಲಿ ಪ್ರತ್ಯೇಕ ಚಾಂಪಿಯನ್‌ಷಿಪ್ ಆರಂಭವಾದ ಮೇಲೆ ಮೊದಲ ದಶಕವಿಡೀ ಮೆಥಡಿಸ್ಟ್‌ನದೇ ಮೇಲುಗೈ. ವೃತ್ತಿಪರ ಪಂದ್ಯಸರಣಿಯಾದ ಪಿಜಿಎ ಟೂರ್‌ನಲ್ಲಿ ಆಡಿದ ಚಾಡ್ ಕಾಲಿನ್ಸ್ ಇಲ್ಲಿಯ ಹಳೆಯ ವಿದ್ಯಾರ್ಥಿ.

ತಂಡದ ಪರ ಐವರು ಆಡುತ್ತಾರೆ; ಪ್ರತಿ ಸುತ್ತಿನಲ್ಲಿ ನಾಲ್ವರ ಉತ್ತಮ, ಅಂದರೆ ಕಡಿಮೆ ಹೊಡೆತಗಳ, ಅಂಕಗಳಷ್ಟೇ ಲೆಕ್ಕಕ್ಕೆ. 72, 74, 75, 78, 85 ಹೊಡೆತಗಳಾದರೆ 85 ಬಿಟ್ಟುಹೋಗಿ ತಂಡದ ಮೊತ್ತ 299. ಹೀಗಾಗಿ ಒಬ್ಬ ತಾರೆಗಿಂತ ನಾಲ್ವರ ಸ್ಥಿರತೆಯೇ ಹೆಚ್ಚು ಬೆಲೆಯದು.

ಗಾಲ್ಫ್ ಮೈದಾನ ನಿರ್ವಹಣೆ ಹಾಗೂ ತರಬೇತಿ ಕಲಿಸುವ, ಅಮೆರಿಕದ ಗಾಲ್ಫ್ ವೃತ್ತಿಪರರ ಸಂಘವಾದ ಪಿಜಿಎಯ ಮಾನ್ಯತೆಯ ಪದವಿ ವ್ಯಾಸಂಗವೂ ಇಲ್ಲಿದೆ. ಆವರಣದಲ್ಲೇ ಗಾಲ್ಫ್ ಮೈದಾನವಿದ್ದು, ಪ್ರಸಿದ್ಧ ಪೈನ್‌ಹರ್ಸ್ಟ್ ಮೈದಾನಗಳು ಪಶ್ಚಿಮಕ್ಕೆ ಸಮೀಪದಲ್ಲಿವೆ.