ಜಾವಾಸ್ಕ್ರಿಪ್ಟ್‌ನ ಸಂಖ್ಯೆಗಳು ಮತ್ತು ಎಕರೆ-ಗುಂಟೆ ಲೆಕ್ಕ

ವೆಬ್ ಪುಟಗಳ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ಮೊದಲ ರೂಪವನ್ನು ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತೇ ದಿನಗಳಲ್ಲಿ ಸಿದ್ಧಪಡಿಸಿದರು. ಸಿ, ಜಾವಾ ಭಾಷೆಗಳಲ್ಲಿ ಪೂರ್ಣಾಂಕಕ್ಕೂ ದಶಮಾಂಶಕ್ಕೂ ಬೇರೆ ಬೇರೆ ಪ್ರಕಾರಗಳಿದ್ದರೆ, ಇಲ್ಲಿ ಬಹುಕಾಲ ಎಲ್ಲಕ್ಕೂ ‘ನಂಬರ್’ ಎಂಬುದೊಂದೇ ಇತ್ತು. 1985ರ ಐಇಇಇ 754 ಮಾನಕದ ಪ್ರಕಾರ ಅದಕ್ಕೆ 64 ಬಿಟ್‌ಗಳು: ಚಿಹ್ನೆಗೆ 1, ಘಾತಕ್ಕೆ 11, ಉಳಿದ 52 ಭಿನ್ನಭಾಗಕ್ಕೆ. 0.1 ಮತ್ತು 0.2 ದ್ವಿಮಾನದಲ್ಲಿ ಮುಗಿಯದ ಭಿನ್ನರಾಶಿಗಳಾದ್ದರಿಂದ ಅವುಗಳ ಮೊತ್ತ 0.30000000000000004 ಎಂದು ಬರುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ನಮ್ಮ ಜಮೀನಿನ ದಾಖಲೆಯಾದ ಪಹಣಿಯಲ್ಲಿದೆ. ಮಲೆನಾಡಿನ ನರಸಿಂಹರಾಜಪುರದಲ್ಲಾಗಲಿ, ಕೊಪ್ಪ, ಶೃಂಗೇರಿಯಲ್ಲಾಗಲಿ ಅಡಿಕೆ ತೋಟದ ಲೆಕ್ಕ ಎಕರೆ, ಗುಂಟೆ, ಆಣೆಗಳಲ್ಲಿ. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ನಡುವೆ ಚುಕ್ಕೆ ಇಟ್ಟು 2.10 ಎಂದು ಬರೆದರೆ ಅದು ಎರಡು ಎಕರೆ ಹತ್ತು ಗುಂಟೆ; ದಶಮಾಂಶವಲ್ಲ. ನಂಬರ್ ಪ್ರಕಾರಕ್ಕೆ ಈ ಚುಕ್ಕೆಯ ಅರ್ಥ ತಿಳಿಯದು. ಕೊನೆಯ ಸೊನ್ನೆ ಬಿದ್ದುಹೋಗಿ 2.1 ಉಳಿಯುತ್ತದೆ, ಅದು ಹತ್ತು ಗುಂಟೆಯೋ ಒಂದು ಗುಂಟೆಯೋ ಆಮೇಲೆ ಹೇಳಲಾಗದು. ಅಣ್ಣನ ಪಾಲು 1.30, ತಮ್ಮನದು 1.20 ಎಂದಿಟ್ಟುಕೊಳ್ಳಿ. ಕೂಡಿದರೆ 3 ಎಕರೆ 10 ಗುಂಟೆ. ಯಂತ್ರ ಕೊಡುವ 2.5ನ್ನು 2 ಎಕರೆ 5 ಗುಂಟೆ ಎಂದು ಓದಿದರೆ 45 ಗುಂಟೆ ಮಾಯ. ಗುಂಟೆಯ ಲೆಕ್ಕದಲ್ಲೇ ಪಾಲಾಗುವ ಮಲೆನಾಡಿನಲ್ಲಿ ಅದು ಒಂದು ಸಂಸಾರದ ತೋಟ.

ಕನ್ನಡ ಅಂಕಿಗಳ ಪಾಡೂ ಹೀಗೆಯೇ. ಯೂನಿಕೋಡ್‌ನಲ್ಲಿ ಅವಕ್ಕೆ ಸ್ಥಾನವಿದೆ, ಜಾವಾಸ್ಕ್ರಿಪ್ಟ್ ಅವನ್ನು ಪರದೆಯ ಮೇಲೆ ತೋರಿಸಲೂ ಬಲ್ಲದು. ಆದರೆ ‘೨೦’ ಎಂದು ಬರೆದದ್ದನ್ನು ನಂಬರ್‌ಗೆ ಬದಲಾಯಿಸಹೊರಟರೆ ‘ಸಂಖ್ಯೆಯಲ್ಲ’ ಎಂಬರ್ಥದ ಎನ್‌ಎಎನ್ ಬರುತ್ತದೆ. ಋಣಸಂಖ್ಯೆಯ ವರ್ಗಮೂಲ ಕೇಳಿದರೂ ಅದೇ ಉತ್ತರ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಒಂಬತ್ತನೆಯ ಶತಮಾನದಲ್ಲೇ ‘ಗಣಿತಸಾರಸಂಗ್ರಹ’ದಲ್ಲಿ ಹೇಳಿದವನು ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ.

ನಂಬರ್ ತಪ್ಪಿಲ್ಲದೆ ಹಿಡಿದಿಡುವ ಪೂರ್ಣಾಂಕದ ಮಿತಿ 9,00,71,99,25,47,40,991. ಅದರಾಚೆಗಿನ ಎಣಿಕೆಗೆಂದು 2020ರ ಆವೃತ್ತಿಯಲ್ಲಿ ‘ಬಿಗ್‌ಇಂಟ್’ ಸೇರಿತು. ಜಮೀನಿನ ಲೆಕ್ಕಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಒಂದು ಎಕರೆಗೆ 640 ಆಣೆ. ಮೇಲಿನ ಪಾಲುಗಳು 1120 ಮತ್ತು 960 ಆಣೆ, ಒಟ್ಟು 2080. ಅದನ್ನು 640ರಿಂದ ಭಾಗಿಸಿದರೆ 3 ಎಕರೆ, ಉಳಿದ 160 ಆಣೆ ಅಂದರೆ 10 ಗುಂಟೆ. ಪಹಣಿಯ ವಿಸ್ತೀರ್ಣ ಕೂಡಿಸುವ ಪುಟ ಬರೆಯುವವರು ಮೊದಲು ಅದನ್ನು ಆಣೆಗೆ ಇಳಿಸಿಕೊಳ್ಳಲಿ.